ಸೊರಗುತ್ತಿರುವ ಬೆಕ್ಕಿಗೆ ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕು ಚಿನ್ನಿಗೆ 12 ವರ್ಷ. ಮರಿಯಾಗದಂತೆ ಆಪರೇಷನ್ ಆಗಿದೆ, ಮನೆಯಿಂದ ಹೊರಗೆ ಹೋಗುವುದಿಲ್ಲ. ಕಳೆದ ಐದಾರು ತಿಂಗಳಲ್ಲಿ ತೂಕ 4.8 ಕಿಲೋದಿಂದ 3.9 ಕಿಲೋಗೆ ಇಳಿದಿದೆ. ವಾರಕ್ಕೆ ಒಂದೆರಡು ಸಲ ವಾಂತಿ ಮಾಡುತ್ತಾಳೆ. ನೀರು ಮೊದಲಿಗಿಂತ ಹೆಚ್ಚು ಕುಡಿಯುತ್ತಾಳೆ ಅನ್ನಿಸುತ್ತದೆ. ಒಂದು ದಿನ ತಟ್ಟೆ ಖಾಲಿ ಮಾಡಿದರೆ ಇನ್ನೊಂದು ದಿನ ಮೂಸಿ ನೋಡಿ ಎದ್ದುಹೋಗುತ್ತಾಳೆ. ವೈದ್ಯರು ರಕ್ತ, ಮೂತ್ರ, ಥೈರಾಯ್ಡ್, ಬಿಪಿ, ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನಿಂಗ್, ಎಫ್‌ಐವಿ ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಎರಡು ವೈರಸ್‌ಗಳು), ಮೇದೋಜೀರಕ ಗ್ರಂಥಿಯ ಪರೀಕ್ಷೆ ಎಂದು ಉದ್ದನೆಯ ಪಟ್ಟಿ ಬರೆದುಕೊಟ್ಟಿದ್ದಾರೆ. ಮುಂದೆ ಬಯಾಪ್ಸಿಯೂ ಬೇಕಾಗಬಹುದಂತೆ. ಎಲ್ಲವನ್ನೂ ಮಾಡಿಸಲೇಬೇಕೇ? ಖರ್ಚಿನ ಚಿಂತೆ ಒಂದು ಕಡೆ, ಕ್ಲಿನಿಕ್ ಅಂದರೆ ಅವಳು ನಡುಗುವುದು ಇನ್ನೊಂದು ಕಡೆ. 'ವಯಸ್ಸಾಗಿದೆ, ಸುಮ್ಮನೆ ಯಾಕೆ ಹಿಂಸೆ, ಏನಾದರೂ ಔಷಧಿ ಕೊಡಿಸಿ ನೋಡೋಣ' ಎನ್ನುತ್ತಾರೆ ಮನೆಯವರು.

ಉತ್ತರ: ನಿಮ್ಮ ವೈದ್ಯರ ಪಟ್ಟಿಯಲ್ಲಿ ಅಸಂಬದ್ಧವಾದದ್ದು ಯಾವುದೂ ಇಲ್ಲ. ಆದರೆ ಎಲ್ಲವೂ ಇವತ್ತೇ ಆಗಬೇಕಾದವೂ ಅಲ್ಲ. ರಕ್ತ, ಮೂತ್ರ, ಥೈರಾಯ್ಡ್, ಬಿಪಿ ಈ ನಾಲ್ಕನ್ನು ಒಂದೇ ಭೇಟಿಯಲ್ಲಿ, ಈ ವಾರವೇ ಮಾಡಿಸಿ. ಸ್ಕ್ಯಾನಿಂಗ್ ಬೇಕೋ ಬೇಡವೋ ಎನ್ನುವುದನ್ನು ಆ ರಿಪೋರ್ಟ್‌ಗಳು ಹೇಳಲಿ. ಬಯಾಪ್ಸಿಯ ಮಾತು ಈಗ ಬೇಡ.

ಈ ವಾರವೇ ಎಂದು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, 900 ಗ್ರಾಂ ಎನ್ನುವುದು ನಮಗೆ ಸಣ್ಣ ಸಂಖ್ಯೆಯಂತೆ ಕೇಳಿಸುತ್ತದೆ. ಚಿನ್ನಿಗೆ ಅದು ಮೈತೂಕದ ಶೇಕಡ 19ರ ಹತ್ತಿರ. 60 ಕಿಲೋದ ಮನುಷ್ಯ ಅರ್ಧ ವರ್ಷದಲ್ಲಿ 11 ಕಿಲೋ ಕಳೆದುಕೊಂಡಷ್ಟು. ಬರೀ ವಯಸ್ಸಿನಿಂದ ಬೆಕ್ಕು ಈ ವೇಗದಲ್ಲಿ ಇಳಿಯುವುದಿಲ್ಲ. ಒಳಗೆ ಏನೋ ನಡೆಯುತ್ತಿದೆ. ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳುವುದರಲ್ಲಿ ಬೆಕ್ಕುಗಳು ನಿಸ್ಸೀಮರು, ಹಾಗಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಶುರುವಾಗಿ ಎಷ್ಟೋ ಕಾಲ ಆಗಿರುತ್ತದೆ.

ಇನ್ನು 'ಔಷಧಿ ಕೊಡಿಸಿ ನೋಡೋಣ' ಎಂಬ ಮಾತು. ಯಾವ ಔಷಧಿ? ನಡುವಯಸ್ಸು ದಾಟಿದ ಬೆಕ್ಕು ಸೊರಗಿ, ಆಗಾಗ ವಾಂತಿ ಮಾಡುತ್ತಿದ್ದರೆ ನಮ್ಮ ತಲೆಗೆ ಮೊದಲು ಬರುವವು ನಾಲ್ಕು: ಕಿಡ್ನಿಯ ದೀರ್ಘಕಾಲದ ಕಾಯಿಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಸಕ್ಕರೆ ಕಾಯಿಲೆ, ಮತ್ತು ಕರುಳಿನ ತೊಂದರೆ. ಕರುಳಿನದು ದೀರ್ಘಕಾಲದ ಉರಿಯೂತವಾಗಿರಬಹುದು, ಅದರಂತೆಯೇ ಕಾಣುವ ನಿಧಾನಗತಿಯ ಲಿಂಫೋಮಾ ಎಂಬ ಕ್ಯಾನ್ಸರೂ ಆಗಿರಬಹುದು. ಹೊರಗಿನಿಂದ ನೋಡಿ ಇವನ್ನು ಬೇರೆಬೇರೆ ಎಂದು ಹೇಳುವುದು ಕಷ್ಟ. ಚಿಕಿತ್ಸೆಯೋ, ಒಂದಕ್ಕೊಂದು ಸಂಬಂಧವೇ ಇಲ್ಲ. ಥೈರಾಯ್ಡ್‌ಗೆ ಮೆಥಿಮಜೋಲ್, ಸಕ್ಕರೆಗೆ ಹೆಚ್ಚಾಗಿ ಇನ್ಸುಲಿನ್, ಕಿಡ್ನಿಗೆ ಆಹಾರದ ಬದಲಾವಣೆ ಮತ್ತು ಬಿಪಿಯ ನಿಗಾ, ಕರುಳಿಗೆ ಎಷ್ಟೋ ಸಲ ಸ್ಟಿರಾಯ್ಡ್. ಆ ಸ್ಟಿರಾಯ್ಡನ್ನೇ ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಅಂದಾಜಿನ ಮೇಲೆ ಕೊಟ್ಟರೆ ಸ್ಥಿತಿ ಬಿಗಡಾಯಿಸುತ್ತದೆ. ನೀರು ಹೆಚ್ಚು ಕುಡಿಯುವುದು ಮೊದಲ ಮೂರರ ಕಡೆಗೆ ಬೆರಳು ತೋರಿಸುತ್ತದೆ. ಸಂತೋಷದ ವಿಷಯವೆಂದರೆ, ಆ ಮೂರನ್ನೂ ಪತ್ತೆ ಹಚ್ಚುವ ಪರೀಕ್ಷೆಗಳೇ ಪಟ್ಟಿಯಲ್ಲಿ ಅತ್ಯಂತ ಸರಳವಾದವು.

'ಅನ್ನಿಸುತ್ತದೆ' ಎಂದಿದ್ದೀರಲ್ಲ, ಅದನ್ನು ಅಳತೆಗೆ ತನ್ನಿ. ಬಟ್ಟಲಿಗೆ ಅಳೆದು ನೀರು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಎರಡು ಮೂರು ದಿನದ ಲೆಕ್ಕ ಸಾಕು. ಕಿಲೋ ತೂಕಕ್ಕೆ ದಿನಕ್ಕೆ 100 ಮಿ.ಲೀ. ದಾಟಿದರೆ, ಅಂದರೆ ಚಿನ್ನಿ ಸುಮಾರು 390 ಮಿ.ಲೀ.ಗಿಂತ ಹೆಚ್ಚು ಕುಡಿದರೆ, ಸಂದೇಹಕ್ಕೆ ಎಡೆಯೇ ಇಲ್ಲ. ಒದ್ದೆ ಆಹಾರ ತಿನ್ನುವ ಬೆಕ್ಕಾದರೆ ಅದಕ್ಕಿಂತ ಎಷ್ಟೋ ಕಡಿಮೆ ಕುಡಿದರೂ ಅನುಮಾನಿಸಬೇಕು. ಅವಳು ಮೂತ್ರ ಮಾಡುವ ಲಿಟರ್ ಟ್ರೇಯಲ್ಲಿ ಒದ್ದೆ ಉಂಡೆಗಳು ದೊಡ್ಡದಾಗಿವೆಯೇ ಎಂದೂ ಗಮನಿಸಿ. ವಾಂತಿಯ ಒಂದು ಫೋಟೋ ತೆಗೆದಿಡಿ. ತಿಂದ ತಕ್ಷಣ ಜೀರ್ಣವಾಗದೆ ಬಂದದ್ದೋ, ಹಳದಿ ನೀರೋ, ಕೂದಲುಂಡೆಯೋ ಎಂಬುದು ವೈದ್ಯರಿಗೆ ಒಂದು ಪರೀಕ್ಷೆಯಷ್ಟೇ ಉಪಯುಕ್ತ.

ಹಣ ಕೊಡದೆ ಸಿಗುವ ಇನ್ನೊಂದು ಪರೀಕ್ಷೆ ವೈದ್ಯರ ಕೈ. ಕತ್ತಿನ ಮುಂಭಾಗದಲ್ಲಿ ಥೈರಾಯ್ಡ್ ಗಂಟು ಸಿಗುತ್ತದೆಯೇ, ಕಿಡ್ನಿಗಳು ಕುಗ್ಗಿವೆಯೇ, ಊದಿವೆಯೇ, ಕರುಳು ದಪ್ಪವಾಗಿ ಕೈಗೆ ಸಿಗುತ್ತದೆಯೇ, ಬೆನ್ನೆಲುಬಿನ ಎರಡೂ ಬದಿಯ ಮಾಂಸ ಕರಗಿದೆಯೇ, ಹಲ್ಲು ಹೇಗಿದೆ, ನಾಲಿಗೆಯ ಅಡಿಯಲ್ಲಿ ದಾರವೇನಾದರೂ ಸುತ್ತಿಕೊಂಡಿದೆಯೇ. ಇದನ್ನೆಲ್ಲ ನೋಡದೆ ನೇರವಾಗಿ ಪಟ್ಟಿ ಬರೆದುಕೊಟ್ಟಿದ್ದರೆ, ಇನ್ನೊಮ್ಮೆ ಮೈಮುಟ್ಟಿ ನೋಡಿ ಎಂದು ಕೇಳಲು ಸಂಕೋಚ ಬೇಡ. ತಿನ್ನಲು ಹೋಗಿ ಹಿಂದೆ ಸರಿಯುವ ಬೆಕ್ಕಿನಲ್ಲಿ ಬಾಯಿನೋವೂ ಕಾರಣವಾಗಿರುತ್ತದೆ. ಅದನ್ನು ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲ.

ಈಗ ಆ ನಾಲ್ಕರ ವಿಚಾರ. ಇವುಗಳಲ್ಲಿ ಜನ ಅತಿ ಹೆಚ್ಚು ಕೈಬಿಡುವುದು ಮೂತ್ರಪರೀಕ್ಷೆಯನ್ನು. ನನ್ನ ಲೆಕ್ಕದಲ್ಲಿ ಬಿಡಲೇಬಾರದ್ದು ಅದು. ಕಿಡ್ನಿಯ ಕೆಲಸ ಸುಮಾರು ಮುಕ್ಕಾಲು ಪಾಲು ಕುಂದುವವರೆಗೂ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಸ್ಪಷ್ಟವಾಗಿ ಏರದೇ ಇರಬಹುದು. ಮೇಲಾಗಿ ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಚಿನ್ನಿಯಂತೆ ಮಾಂಸ ಕರಗಿದ ಬೆಕ್ಕಿನಲ್ಲಿ ಕಿಡ್ನಿ ಕೆಟ್ಟಿದ್ದರೂ ಆ ಸಂಖ್ಯೆ ಚೆನ್ನಾಗಿಯೇ ಕಾಣಿಸುತ್ತದೆ. ಮೂತ್ರದ ಸಾಂದ್ರತೆ ಹಾಗೆ ಮುಚ್ಚಿಡುವುದಿಲ್ಲ. ಆರೋಗ್ಯವಂತ ಬೆಕ್ಕಿನ ಮೂತ್ರ ಗಟ್ಟಿ. ಸಾಂದ್ರತೆ ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಯಾಕೆ ಎಂದು ಕೇಳಲೇಬೇಕು. ಅದೇ ಹನಿಯಲ್ಲಿ ಸಕ್ಕರೆ, ಪ್ರೋಟೀನ್, ಸೋಂಕಿನ ಸುಳಿವೂ ಸಿಗುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ರಕ್ತಪರೀಕ್ಷೆ ಕ್ರಿಯಾಟಿನಿನ್‌ಗಿಂತ ಮೊದಲೇ ಏರುತ್ತದೆ, ಮಾಂಸಖಂಡದ ಗೊಡವೆಯೂ ಅದಕ್ಕೆ ಅಷ್ಟಿಲ್ಲ. ನಿಮ್ಮ ಲ್ಯಾಬಿನಲ್ಲಿ ಇದ್ದರೆ ಸೇರಿಸಿಕೊಳ್ಳಿ.

ಒಂದು ಮುಖ್ಯವಾದ ಎಚ್ಚರಿಕೆ: ರಕ್ತ ಮತ್ತು ಮೂತ್ರ ಎರಡನ್ನೂ ಡ್ರಿಪ್ ಹಾಕುವ ಮೊದಲೇ ತೆಗೆಸಿ. ಡ್ರಿಪ್ ಒಳಗೆ ಹೋದ ಮೇಲೆ ಮೂತ್ರ ಹೇಗೂ ತೆಳುವಾಗುತ್ತದೆ. ಅದು ಕಿಡ್ನಿಯ ದೋಷವೋ ಡ್ರಿಪ್ಪಿನ ಫಲವೋ ಎಂದು ಹೇಳುವವರಿಲ್ಲ. ಮೂತ್ರವನ್ನು ವೈದ್ಯರು ಹೊಟ್ಟೆಯ ಮೂಲಕ ಸೂಜಿ ಹಾಕಿ ನೇರ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ಕೇಳಿದರೆ ಮೈ ಜುಂ ಎನ್ನುತ್ತದೆ, ಆದರೆ ತೆಳು ಸೂಜಿ, ಕೆಲವೇ ಸೆಕೆಂಡುಗಳ ಕೆಲಸ, ಬಹಳಷ್ಟು ಬೆಕ್ಕುಗಳು ಕದಲುವುದೂ ಇಲ್ಲ. ಸೋಂಕಿಗಾಗಿ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡುವುದಿದ್ದರೆ ಇದೇ ಸರಿಯಾದ ದಾರಿ. ಸಾಂದ್ರತೆ ನೋಡಲಷ್ಟೇ ಆದರೆ, ನೀರು ಹೀರದ ಲಿಟರ್ ಮಣಿಗಳನ್ನು ಸ್ವಚ್ಛವಾದ ಟ್ರೇಗೆ ಹಾಕಿ ಮನೆಯಲ್ಲೇ ಸಂಗ್ರಹಿಸಬಹುದು. ಬೇಗ ಲ್ಯಾಬಿಗೆ ತಲುಪಿಸಬೇಕು, ಅಷ್ಟೆ.

ರಕ್ತದ ರಿಪೋರ್ಟ್ ಬಂದಾಗ ಕೆಂಪು ಗುರುತು ಇರುವಲ್ಲೆಲ್ಲ ಗಾಬರಿಯಾಗಬೇಡಿ. ಯಾವುದೇ ಪರೀಕ್ಷೆಯ ಸಾಮಾನ್ಯ ಮಿತಿಯನ್ನು ಆರೋಗ್ಯವಂತ ಪ್ರಾಣಿಗಳ ಪೈಕಿ ಶೇಕಡ 95 ಒಳಗೆ ಬರುವಂತೆ ಗುರುತಿಸಿರುತ್ತಾರೆ. ಅಂದರೆ ಇಪ್ಪತ್ತರಲ್ಲಿ ಒಂದು ಆರೋಗ್ಯವಂತ ಬೆಕ್ಕು ಆ ಗೆರೆಯ ಹೊರಗೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡಿದರೆ, ಏನೂ ತೊಂದರೆಯಿಲ್ಲದ ಬೆಕ್ಕಿನಲ್ಲೂ ಕನಿಷ್ಠ ಒಂದು ಸಂಖ್ಯೆ ಕೆಂಪಾಗುವ ಸಂಭವ ಶೇಕಡ 64. ಸಿಕ್ಕಸಿಕ್ಕ ಪರೀಕ್ಷೆಗಳನ್ನೆಲ್ಲ ಒಂದೇ ಸಲ ಬರೆಯುವುದು ನನಗೆ ಇಷ್ಟವಾಗದಿರುವುದಕ್ಕೆ ಇದೇ ಮುಖ್ಯ ಕಾರಣ. ಹಣ ಹೋಗುವುದು ಒಂದಾದರೆ, ಕಾಯಿಲೆಗೆ ಸಂಬಂಧವಿಲ್ಲದ ಕೆಂಪು ಗುರುತನ್ನು ಬೆನ್ನಟ್ಟಿ ಇನ್ನೆರಡು ಪರೀಕ್ಷೆ ಹುಟ್ಟಿಕೊಳ್ಳುವುದು ಇನ್ನೊಂದು.

ಬೆಕ್ಕಿಗೇ ವಿಶಿಷ್ಟವಾದ ಕೆಲವು ಮೋಸಗಳೂ ಇವೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುತ್ತದೆ. ಕೆಲವೊಮ್ಮೆ 300 ಮಿ.ಗ್ರಾಂ ದಾಟುವುದೂ ಉಂಟು. ಕ್ಲಿನಿಕ್ಕಿನಲ್ಲಿ ನಡುಗುವ ನಿಮ್ಮ ಚಿನ್ನಿಯಲ್ಲಿ ಇದು ಆಗುವ ಸಾಧ್ಯತೆ ಹೆಚ್ಚು. ಹಾಗಾಗಿ ಒಂದು ಸಂಖ್ಯೆ ನೋಡಿ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಬಾರದು. ಮೂತ್ರದಲ್ಲೂ ಸಕ್ಕರೆ ಇದೆಯೇ ನೋಡಬೇಕು, ಅನುಮಾನ ಉಳಿದರೆ ಹಿಂದಿನ ಒಂದೆರಡು ವಾರದ ಸರಾಸರಿ ಹೇಳುವ ಫ್ರಕ್ಟೋಸಮೈನ್ ಮಾಡಿಸಬೇಕು. ಪ್ಲೇಟ್‌ಲೆಟ್ ಎಣಿಕೆ ತೀರಾ ಕಡಿಮೆ ಎಂದು ಬಂದರೆ ಮೊದಲು ಸೂಕ್ಷ್ಮದರ್ಶಕದಲ್ಲಿ ರಕ್ತದ ಸ್ಲೈಡ್ ನೋಡಿಸಿ: ಬೆಕ್ಕಿನ ಪ್ಲೇಟ್‌ಲೆಟ್‌ಗಳು ಸುಲಭವಾಗಿ ಗುಂಪುಗಟ್ಟುತ್ತವೆ, ಯಂತ್ರಕ್ಕೆ ಆ ಗುಂಪುಗಳನ್ನು ಬಿಡಿಸಿ ಎಣಿಸಲು ಬರುವುದಿಲ್ಲ. ಲಿವರ್‌ನ ಎಎಲ್‌ಪಿ ಎಂಬ ಕಿಣ್ವ ಮಾತ್ರ ಇದಕ್ಕೆ ತದ್ವಿರುದ್ಧ. ನಾಯಿಯಲ್ಲಿ ಅದು ಸ್ವಲ್ಪ ಏರಿದರೆ ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಕ್ಕಿನಲ್ಲಿ ಆ ಕಿಣ್ವ ರಕ್ತದಿಂದ ಗಂಟೆಗಳಲ್ಲೇ ಕರಗಿಹೋಗುವುದರಿಂದ, ಸಣ್ಣ ಏರಿಕೆಗೂ ಅರ್ಥವಿದೆ.

ಥೈರಾಯ್ಡ್‌ಗೆ ಟಿ4 ಎಂಬ ಹಾರ್ಮೋನಿನ ಪರೀಕ್ಷೆ ಸಾಕು. ಸ್ಪಷ್ಟವಾಗಿ ಹೆಚ್ಚಿದ್ದರೆ ಉತ್ತರ ಸಿಕ್ಕಂತೆಯೇ. ಸಾಮಾನ್ಯ ಮಿತಿಯ ಮೇಲಿನ ಅರ್ಧದಲ್ಲಿದ್ದರೆ ಕಡತ ಮುಚ್ಚಬೇಡಿ. ಜೊತೆಗೆ ಇನ್ನೊಂದು ಕಾಯಿಲೆ ಇದ್ದಾಗ ಟಿ4 ಕೆಳಕ್ಕೆ ಎಳೆಯಲ್ಪಟ್ಟು ಸಾಮಾನ್ಯ ಎನ್ನುವಂತೆ ಕಾಣುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು, ಇಲ್ಲವೇ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ನೋಡಬೇಕು. ಕಿಡ್ನಿ ಮತ್ತು ಥೈರಾಯ್ಡ್ ಒಂದನ್ನೊಂದು ಮರೆಮಾಚುವ ಜೋಡಿ ಎಂಬುದೂ ನೆನಪಿರಲಿ. ಥೈರಾಯ್ಡ್ ಹೆಚ್ಚಿದ್ದಾಗ ಕಿಡ್ನಿಗೆ ರಕ್ತದ ಹರಿವು ಹೆಚ್ಚಿ ಕ್ರಿಯಾಟಿನಿನ್ ತಗ್ಗುತ್ತದೆ. ಚಿಕಿತ್ಸೆಯಿಂದ ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಅಡಗಿದ್ದ ಕಿಡ್ನಿ ಕಾಯಿಲೆ ಹೊರಬೀಳುತ್ತದೆ. ಆಗ 'ಔಷಧಿ ಕಿಡ್ನಿ ಕೆಡಿಸಿತು' ಎಂದು ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ. ನೀವು ಹಾಗೆ ಮಾಡಬೇಡಿ, ವೈದ್ಯರೊಡನೆ ಮಾತಾಡಿ ಪ್ರಮಾಣ ಸರಿಮಾಡಿಸಿಕೊಳ್ಳಿ.

ಬಿಪಿ ಯಾಕೆ? ಕಿಡ್ನಿ ಮತ್ತು ಥೈರಾಯ್ಡ್ ಎರಡೂ ಅದನ್ನು ಏರಿಸುತ್ತವೆ. ಮೇಲಿನ ಸಂಖ್ಯೆ 160 ದಾಟಿ ಅಲ್ಲೇ ನಿಂತರೆ ಕಣ್ಣು, ಮಿದುಳು, ಹೃದಯಕ್ಕೆ ಅಪಾಯ. 180 ದಾಟಿದರೆ ಕಣ್ಣಿನ ಪರದೆ ಕಳಚಿ ಬೆಕ್ಕು ಇದ್ದಕ್ಕಿದ್ದಂತೆ ಕುರುಡಾಗಬಹುದು. ಮಾತ್ರೆಯಿಂದ ಇಳಿಸಬಹುದಾದ ಅಪಾಯ ಇದು. ರಕ್ತ ತೆಗೆಯುವ ಮುಂಚೆ, ಬೆಕ್ಕು ಬುಟ್ಟಿಯಿಂದ ಹೊರಬಂದು ಸ್ವಲ್ಪ ಸಾವರಿಸಿಕೊಂಡ ಮೇಲೆ ಬಿಪಿ ಅಳೆಯಬೇಕು. ಮೊದಲ ಅಳತೆ ಬಿಟ್ಟು ಐದಾರು ಅಳತೆಗಳ ಸರಾಸರಿ ತೆಗೆದುಕೊಂಡರೆ ನಂಬಬಹುದು.

ಪಟ್ಟಿಯಲ್ಲಿ ಉಳಿದದ್ದಕ್ಕೆ ನಾನು ಹಿಡಿಯುವ ಅಳತೆಗೋಲು ಒಂದೇ. ಪ್ರತಿ ಪರೀಕ್ಷೆಗೂ ಮೊದಲು ವೈದ್ಯರನ್ನು ಕೇಳಿ: 'ಇದು ಪಾಸಿಟಿವ್ ಬಂದರೆ ಏನು ಮಾಡುತ್ತೀರಿ, ನೆಗೆಟಿವ್ ಬಂದರೆ ಏನು ಮಾಡುತ್ತೀರಿ?' ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಕಾಯಬಹುದು. ಇಷ್ಟು ಕೇಳಿದ್ದಕ್ಕೆ ಬೇಸರಪಡುವ ವೈದ್ಯರು ಕಡಿಮೆ, ನನ್ನನ್ನು ಕೇಳಿದರೆ ಖುಷಿಯೇ ಆಗುತ್ತದೆ.

ಆ ಅಳತೆಗೋಲು ಹಿಡಿದು ನೋಡಿದರೆ, ಟಿ4 ಹೆಚ್ಚಿದೆ, ಬೇರೆಲ್ಲ ಸರಿಯಿದೆ ಎಂದಾದಾಗ ಸ್ಕ್ಯಾನಿಂಗ್ ತಕ್ಷಣಕ್ಕೆ ಬೇಡ. ಚಿಕಿತ್ಸೆ ಶುರುಮಾಡಿ ತೂಕ ಏರುತ್ತದೆಯೇ ನೋಡಬಹುದು. ನಾಲ್ಕೂ ಸರಿಯಾಗಿ ಬಂದು ವಾಂತಿ ಮತ್ತು ಸೊರಗುವಿಕೆ ಮುಂದುವರಿದರೆ ಹೊಟ್ಟೆಯ ಸ್ಕ್ಯಾನಿಂಗ್ ತಾನಾಗಿಯೇ ಸರದಿಯ ಮೊದಲಿಗೆ ಬರುತ್ತದೆ. ನೋವಿಲ್ಲದ ಪರೀಕ್ಷೆ, ಹೊಟ್ಟೆಯ ಕೂದಲು ಬೋಳಿಸುತ್ತಾರೆ, ಅಷ್ಟೆ. ಆದರೆ ಯಂತ್ರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ. ಬೆಕ್ಕಿನ ಕರುಳಿನ ಪದರಗಳನ್ನು ಅಳೆದು ಹೇಳಬಲ್ಲವರ ಬಳಿ ಮಾಡಿಸಲು ಹತ್ತು ದಿನ ಕಾದರೂ ನಷ್ಟವಿಲ್ಲ, ಬೆಕ್ಕು ತಿನ್ನುತ್ತಿದ್ದರೆ. ಹೊಟ್ಟೆಯ ಎಕ್ಸ್-ರೇ ಈ ಕತೆಯಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಏನೋ ನುಂಗಿದ ಅನುಮಾನವಿದ್ದರೆ ಮಾತು ಬೇರೆ. ಉಸಿರಾಟದಲ್ಲಿ ವ್ಯತ್ಯಾಸವಿದ್ದರೆ ಎದೆಯ ಎಕ್ಸ್-ರೇ ಬೇಕು. ಚಿನ್ನಿ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾಳೆ ಎಣಿಸಿ. 30ರೊಳಗೆ ಇದ್ದರೆ ಸಮಾಧಾನ.

ಎಫ್‌ಐವಿ ಮತ್ತು ಎಫ್‌ಇಎಲ್‌ವಿ ಪರೀಕ್ಷೆ ಯಾವತ್ತೂ ಆಗಿಲ್ಲದಿದ್ದರೆ ಒಮ್ಮೆ ಮಾಡಿಸಿ. ಹಿಂದೆ ನೆಗೆಟಿವ್ ಬಂದು, ಹೊರಗೆ ಹೋಗದೆ, ಹೊಸ ಬೆಕ್ಕಿನ ಸಹವಾಸವೂ ಇಲ್ಲದಿದ್ದರೆ ಈಗ ಅದನ್ನು ಬಿಡಬಹುದು. ಮೇದೋಜೀರಕದ ಪರೀಕ್ಷೆಯನ್ನು ಸ್ಕ್ಯಾನಿಂಗ್ ಜೊತೆಗೆ ಇಟ್ಟುಕೊಳ್ಳಿ. ಆಗಲೇ ವಿಟಮಿನ್ ಬಿ12 ಕೂಡ ನೋಡಿಸಿ. ಕರುಳು ಕೆಟ್ಟ ಬೆಕ್ಕುಗಳಲ್ಲಿ ಅದು ಇಳಿದಿರುತ್ತದೆ, ಇಂಜೆಕ್ಷನ್ ಕೊಟ್ಟರೆ ಹಸಿವು ಮರಳುವುದನ್ನು ಕಾಣುತ್ತೇವೆ.

ಬಯಾಪ್ಸಿಯ ವಿಷಯ ನಿಜಕ್ಕೂ ಕಷ್ಟದ್ದು. ಕರುಳಿನ ಉರಿಯೂತ ಮತ್ತು ನಿಧಾನಗತಿಯ ಲಿಂಫೋಮಾ, ಎರಡರಲ್ಲೂ ಸ್ಕ್ಯಾನಿಂಗ್‌ನಲ್ಲಿ ಕರುಳಿನ ಸ್ನಾಯುಪದರ ದಪ್ಪವಾಗಿ ಕಾಣಿಸುತ್ತದೆ. ತುಣುಕು ತೆಗೆದು ನೋಡದೆ ಬೇರ್ಪಡಿಸಲಾಗದು, ತೆಗೆದ ಮೇಲೂ ಕೆಲವೊಮ್ಮೆ ಗೊಂದಲ ಉಳಿಯುತ್ತದೆ. ಅದಕ್ಕೆ ಅರಿವಳಿಕೆ ಬೇಕು, ಎಂಡೋಸ್ಕೋಪಿ ಅಥವಾ ಶಸ್ತ್ರಚಿಕಿತ್ಸೆ ಬೇಕು. ಉತ್ತರ ಸಿಕ್ಕರೆ ಲಾಭವೇನು? ಲಿಂಫೋಮಾಕ್ಕೆ ಸ್ಟಿರಾಯ್ಡ್ ಜೊತೆ ಕ್ಲೋರಾಂಬುಸಿಲ್ ಎಂಬ ಕ್ಯಾನ್ಸರ್ ಮಾತ್ರೆ ಸೇರಿಸುತ್ತಾರೆ, ಅನೇಕ ಬೆಕ್ಕುಗಳು ಅದರಿಂದ ಎರಡು ವರ್ಷದ ಆಸುಪಾಸು ಚೆನ್ನಾಗಿ ಬದುಕುತ್ತವೆ. ಆ ಮಾತ್ರೆ ಕೊಡಲು ನೀವು ಸಿದ್ಧರಿದ್ದರೆ ಬಯಾಪ್ಸಿಗೆ ಅರ್ಥವಿದೆ. ಏನೇ ಬಂದರೂ ಸ್ಟಿರಾಯ್ಡ್ ಮಾತ್ರ ಕೊಡುತ್ತೇವೆ ಎಂಬ ತೀರ್ಮಾನ ಮನೆಯಲ್ಲಿ ಮೊದಲೇ ಆಗಿದ್ದರೆ ಅದನ್ನು ಬಿಡುವುದರಲ್ಲಿ ತಪ್ಪಿಲ್ಲ. ಆದರೆ ಕ್ರಮ ತಲೆಕೆಳಗಾಗಬಾರದು. ಸ್ಟಿರಾಯ್ಡ್ ಶುರುವಾದ ಮೇಲೆ ತೆಗೆದ ಬಯಾಪ್ಸಿಯಲ್ಲಿ ಲಿಂಫೋಮಾ ಮಸುಕಾಗುತ್ತದೆ. ಬಯಾಪ್ಸಿ ಮಾಡಿಸುವುದಿದ್ದರೆ ಅದೇ ಮೊದಲು.

ಖರ್ಚಿನ ಮಿತಿಯನ್ನು ವೈದ್ಯರ ಮುಂದೆ ನೇರವಾಗಿ ಹೇಳಿಬಿಡಿ, 'ಇಷ್ಟರೊಳಗೆ ಏನು ಮಾಡಿದರೆ ಹೆಚ್ಚು ತಿಳಿಯುತ್ತದೆ' ಎಂದು. ಮಿತಿ ಗೊತ್ತಿಲ್ಲದ ವೈದ್ಯರು ಎಲ್ಲವನ್ನೂ ಬರೆಯುತ್ತಾರೆ. ತೀರಾ ಕೆಲವನ್ನೇ ಆರಿಸಬೇಕಾದ ಸ್ಥಿತಿ ಬಂದರೆ, ನಾನು ಕ್ರಿಯಾಟಿನಿನ್, ಸಕ್ಕರೆ, ಟಿ4 ಇರುವ ಸಣ್ಣ ರಕ್ತಪರೀಕ್ಷೆ ಮತ್ತು ಮನೆಯಿಂದ ತಂದ ಮೂತ್ರ ಎನ್ನುತ್ತೇನೆ. ಹಳೆಯ ರಿಪೋರ್ಟ್ ಇದ್ದರೆ ಹುಡುಕಿ ಒಯ್ಯಿರಿ: ಕ್ರಿಯಾಟಿನಿನ್ ಎರಡು ವರ್ಷದ ಹಿಂದೆ 1.0 ಇದ್ದದ್ದು ಈಗ 1.7 ಆಗಿದ್ದರೆ, ಲ್ಯಾಬು ಅದನ್ನು ಸಾಮಾನ್ಯ ಎಂದರೂ ನಾನು ಒಪ್ಪುವುದಿಲ್ಲ.

ಭಯದ ವಿಚಾರಕ್ಕೆ ಪರಿಹಾರವಿದೆ. ಮನೆಯಿಂದ ಹೊರಡುವ ಎರಡು ಮೂರು ಗಂಟೆ ಮೊದಲು ಗ್ಯಾಬಪೆಂಟಿನ್ ಕೊಟ್ಟರೆ ಬಹುತೇಕ ಬೆಕ್ಕುಗಳು ಶಾಂತವಾಗಿರುತ್ತವೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಕಿಡ್ನಿಯ ಅನುಮಾನ ಇರುವುದರಿಂದ ಅವರು ಕಡಿಮೆ ಮಾಡಿಯಾರು. ಬುಟ್ಟಿಯನ್ನು ಕೆಲವು ದಿನ ಮೊದಲೇ ಮನೆಯಲ್ಲಿ ತೆರೆದಿಟ್ಟು, ಒಳಗೆ ಅವಳ ಹಾಸಿಗೆ ಹಾಕಿಡಿ. ಖಾಲಿ ಹೊಟ್ಟೆ ಬೇಕೇ ಎಂದು ಫೋನ್ ಮಾಡಿ ಕೇಳಿ, ಹಿಂದಿನ ದಿನದಿಂದಲೇ ನೀವಾಗಿ ಉಪವಾಸ ಕೆಡವಬೇಡಿ. ನೀರನ್ನಂತೂ ತೆಗೆಯಲೇಬೇಡಿ. ಮನೆಯವರಿಗೆ ಇದನ್ನೂ ಹೇಳಿ: 3.9 ಕಿಲೋದ ಬೆಕ್ಕಿನ ಮೈಯಲ್ಲಿ ಸುಮಾರು 230 ಮಿ.ಲೀ. ರಕ್ತವಿರುತ್ತದೆ, ಈ ಪರೀಕ್ಷೆಗಳಿಗೆ ಬೇಕಾದದ್ದು ಮೂರು ನಾಲ್ಕು ಮಿ.ಲೀ.

ಇಷ್ಟರ ಮೇಲೂ ಪರೀಕ್ಷೆ ಬೇಡ ಎಂದು ತೀರ್ಮಾನಿಸಿದರೆ ಚಿನ್ನಿಯನ್ನು ಕೈಬಿಟ್ಟಂತಾಗುವುದಿಲ್ಲ. ವಾಕರಿಕೆ ತಡೆಯುವ ಮರೋಪಿಟಂಟ್, ಹಸಿವು ಹೆಚ್ಚಿಸುವ ಮಿರ್ಟಜಪಿನ್, ಬಿ12 ಇಂಜೆಕ್ಷನ್, ಸುಲಭವಾಗಿ ಜೀರ್ಣವಾಗುವ ಆಹಾರ, ಇವುಗಳಿಂದ ಒಂದಷ್ಟು ನೆಮ್ಮದಿ ಕೊಡಬಹುದು. ಸ್ಟಿರಾಯ್ಡ್ ಮಾತ್ರ ಸಕ್ಕರೆಯನ್ನಾದರೂ ನೋಡದೆ ಬೇಡ. ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ, ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ಬರೆದಿಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಎರಡನೆಯ ದಿನಕ್ಕೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ ಲಿವರ್‌ನಲ್ಲಿ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಕುತ್ತಾಗುತ್ತದೆ. ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ಎಳೆದು ನಡೆದರೆ, ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆದರೆ, ಯಾವ ಹೊತ್ತಾದರೂ ಸರಿ, ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.